ಎಕ್ಸ್-ಪ್ಲೇನ್‌ನಲ್ಲಿ ಜಕ್ಕೂರು ಏರೋಡ್ರೋಮ್: ಕೆಲಸ ಎಲ್ಲಿಗೆ ಬಂತು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ಆಟಕ್ಕೆ ನಾವು ಮಾಡುತ್ತಿರುವ ಬೆಂಗಳೂರಿನ ಜಕ್ಕೂರಿನ ಸೀನರಿ (ಆಟದೊಳಗಿನ ನೆಲ, ಕಟ್ಟಡಗಳ ಮಾದರಿ) ಈಗ ಹಾರಿಸಿ ನೋಡುವ ಹಂತಕ್ಕೆ ಬಂದಿದೆ. ರನ್‌ವೇ, ಟ್ಯಾಕ್ಸಿವೇ, ಗಡಿರೇಖೆ, ವಿಂಡ್‌ಸಾಕ್ ಮುಗಿದಿವೆ. ಹ್ಯಾಂಗರುಗಳು ಮುಕ್ಕಾಲು ಪಾಲು ಆಗಿವೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಇನ್ನೂ ಬ್ಲೆಂಡರಿನಲ್ಲೇ (3ಡಿ ಮಾದರಿ ಮಾಡುವ ತಂತ್ರಾಂಶ) ಇದೆ. ಈ ತಾಣದ ಮಟ್ಟಿಗೆ ಆ ಮೇಲ್ಸೇತುವೆಯೇ ಮುಖ್ಯ ಕೆಲಸ. ಕಟ್ಟಡ ಎರಡು ಮೀಟರ್ ಆಚೀಚೆ ಆದರೆ ಯಾರಿಗೂ ಗೊತ್ತಾಗದು. ರನ್‌ವೇಯ ಪಡುವಣ ತುದಿ ತಪ್ಪಿದರೆ ಅದು ಜಕ್ಕೂರೇ ಅಲ್ಲ.

ಯಾವ ಕಾಲದ ಜಕ್ಕೂರು?

ಏರೋಡ್ರೋಮ್ 1948ರದ್ದು. ಜಾಗ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು, ವಿಸ್ತೀರ್ಣ 200 ಎಕರೆಗೂ ಮೇಲೆ. ಇಲ್ಲಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿದೆ. ಪೈಲಟ್ ತರಬೇತಿ ಕ್ರೀಡೆಯ ಲೆಕ್ಕಕ್ಕೆ ಸೇರಿದ್ದು ತಮಾಷೆ ಅನ್ನಿಸಿದರೂ, ದಾಖಲೆ ಹುಡುಕುವವರು ಆ ಇಲಾಖೆಯ ಬಾಗಿಲಲ್ಲೇ ಕೇಳಬೇಕು. ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ 1997ರಲ್ಲಿ ಹೆಲಿಕಾಪ್ಟರ್ ಸೇವೆ ಶುರು ಮಾಡಿದಾಗ ನೆಲೆ ಮಾಡಿಕೊಂಡದ್ದು ಇಲ್ಲೇ. ಏರ್ ಡೆಕ್ಕನ್ ಬಂದದ್ದು ಆಮೇಲೆ, 2003ರಲ್ಲಿ. ಬಳ್ಳಾರಿ ರಸ್ತೆಯ ಮೇಲೆ ವಿಮಾನ ನಿಲ್ದಾಣದ ಮೇಲ್ಸೇತುವೆ ಎದ್ದಾಗ ರನ್‌ವೇಯ ಬಳಕೆಗೆ ಸಿಗುವ ಉದ್ದ ತಗ್ಗಿತು. ಶಾಲೆಯ ತರಬೇತಿ ಕೆಲವು ವರ್ಷ ನಿಂತು ಮತ್ತೆ ಆರಂಭವಾಯಿತು.

ಎಕ್ಸ್-ಪ್ಲೇನ್‌ನಲ್ಲಿ ಇಸವಿ ಬದಲಿಸಿದರೆ ಸೀನರಿ ಬದಲಾಗುವುದಿಲ್ಲ. ಹಾಗಾಗಿ ಎರಡು ಪ್ಯಾಕ್ ಮಾಡಿದ್ದೇವೆ: ಮೇಲ್ಸೇತುವೆ ಇರುವ ಇಂದಿನದು, ಅದಿಲ್ಲದ 1960ರ ದಶಕದ್ದು. ಹಳೆಯದರಲ್ಲಿ ನಿಲ್ಲಿಸಲು ಪುಷ್ಪಕ್ ಬೇಕು. ಎಚ್‌ಎಎಲ್‌ನ ಈ ಎರಡು ಸೀಟಿನ ವಿಮಾನ ಮೊದಲು ಹಾರಿದ್ದು 1958ರಲ್ಲಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಕೆಯಾದದ್ದು ಇದೇ. ರೆಕ್ಕೆಯ ಅಗಲ 36 ಅಡಿ, ಉದ್ದ 21 ಅಡಿ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಮೈಗೆ ಬಟ್ಟೆ ಹೊದಿಸಿದ ವಿಮಾನವಾದ್ದರಿಂದ ಮಾದರಿಯಲ್ಲಿ ಲೋಹದ ಹೊಳಪು ಹಾಕಬಾರದು. ಮೆಟಲ್‌ನೆಸ್ (ಲೋಹದ ಗುಣ) ಸೊನ್ನೆ, ರಫ್‌ನೆಸ್ (ಒರಟುತನ) 0.7ರ ಸುತ್ತ ಇಟ್ಟರೆ ಡೋಪ್ ಎಂಬ ಮೆರುಗೆಣ್ಣೆ ಬಳಿದ ಬಟ್ಟೆಯಂತೆ ಕಾಣುತ್ತದೆ.

ರನ್‌ವೇ 08/26

08, 26 ರನ್‌ವೇಯ ಎರಡು ತುದಿಗಳ ಹೆಸರು: ಮೂಡಣಕ್ಕೆ ಮುಖ ಮಾಡಿ ಇಳಿಯುವ, ಏರುವ ದಿಕ್ಕು 08, ಪಡುವಣಕ್ಕೆ 26. ವರ್ಲ್ಡ್ ಎಡಿಟರ್ (ಎಕ್ಸ್-ಪ್ಲೇನ್‌ಗೆ ಸೀನರಿ ಮಾಡುವ ತಂತ್ರಾಂಶ) ತೆರೆದು ಹೊಸ ಪ್ಯಾಕ್ ಮಾಡಿ, ಏರ್‌ಪೋರ್ಟ್ ಸೇರಿಸಿ, ಗುರುತು ವಿಒಜೆಕೆ ಕೊಡಿ. ಎತ್ತರ ಸುಮಾರು 3,000 ಅಡಿ. ಹಿನ್ನೆಲೆಗೆ ಎಡಿಟರಿನಲ್ಲೇ ಬರುವ ಎಸ್ರಿ ಉಪಗ್ರಹ ಚಿತ್ರ ಬಳಸಿ. ಗೂಗಲ್ ಚಿತ್ರದ ಮೇಲೆ ಗೆರೆ ಎಳೆದದ್ದನ್ನು ಸೀನರಿ ಗೇಟ್‌ವೇ (ಬಳಕೆದಾರರು ಮಾಡಿದ ಸೀನರಿಗಳನ್ನು ಆಟಕ್ಕೆ ಸೇರಿಸಿಕೊಳ್ಳುವ ತಾಣ) ಒಪ್ಪುವುದಿಲ್ಲ.

ರನ್‌ವೇ ಟೂಲಿನಲ್ಲಿ ಎರಡು ತುದಿ ಗುರುತಿಸಿದರೆ ಕೋನ ತಾನೇ ಬರುತ್ತದೆ. ಬೆಂಗಳೂರಿನಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ 2 ಡಿಗ್ರಿಯೂ ಇಲ್ಲ, ಆದ್ದರಿಂದ 08 ಎಂಬ ಹೆಸರಿಗೆ ಎಡಿಟರಿನ ವ್ಯಾಲಿಡೇಷನ್ (ತಪ್ಪು ಹುಡುಕುವ ಪರೀಕ್ಷೆ) ತಕರಾರು ತೆಗೆಯದು. ತಕರಾರು ಬಂದರೆ ತುದಿಗಳು ಅದಲು ಬದಲಾಗಿವೆ ಎಂದೇ ಅರ್ಥ.

ಎಲ್ಲರೂ ಎಡವುವುದು ಡಾಂಬರಿನ ತುದಿಯನ್ನೇ ಥ್ರೆಶೋಲ್ಡ್ (ಇಳಿಯಲು ಬಳಸುವ ಭಾಗ ಶುರುವಾಗುವ ಗೆರೆ) ಎಂದುಕೊಳ್ಳುವಲ್ಲಿ. ಪಡುವಣ ತುದಿಯಾಚೆ ಬಳ್ಳಾರಿ ರಸ್ತೆ, ರಸ್ತೆಯ ಆ ಬದಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. 08ಕ್ಕೆ ಇಳಿಯುವ ವಿಮಾನ ಮೇಲ್ಸೇತುವೆಯನ್ನು ದಾಟಿಯೇ ಬರಬೇಕು. 800ರಿಂದ 1,200 ಮೀಟರ್ ಉದ್ದದ, ಕಣ್ಣಳತೆಯಲ್ಲಿ ಇಳಿಯುವ ರನ್‌ವೇಗೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಂತೆ ಥ್ರೆಶೋಲ್ಡಿನಿಂದ 60 ಮೀಟರ್ ಆಚೆ ಶುರುವಾಗುವ ಒಂದು ಕಾಲ್ಪನಿಕ ಇಳಿಜಾರು ಇರುತ್ತದೆ, ಏರಿಕೆ 4%. ಅದನ್ನು ಯಾವುದೂ ಚುಚ್ಚಬಾರದು. ಲೆಕ್ಕಕ್ಕಾಗಿ ಸೇತುವೆ 12 ಮೀಟರ್, ಮೇಲೆ ಹೋಗುವ ಲಾರಿ 5 ಮೀಟರ್ ಎಂದುಕೊಳ್ಳಿ. ಒಟ್ಟು 17. ಅದನ್ನು 0.04ರಿಂದ ಭಾಗಿಸಿದರೆ 425, ಜೊತೆಗೆ 60. ಅಲ್ಲಿಗೆ ರಸ್ತೆಯಿಂದ ಥ್ರೆಶೋಲ್ಡಿಗೆ 485 ಮೀಟರ್ ಬೇಕಾಯಿತು. ಡಾಂಬರು ಅದಕ್ಕಿಂತ ಹತ್ತಿರ ಶುರುವಾದರೆ ಥ್ರೆಶೋಲ್ಡನ್ನು ಒಳಗೆ ಸರಿಸುವುದೊಂದೇ ದಾರಿ.

ಸರಿಸದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಥ್ರೆಶೋಲ್ಡಿನಿಂದ 200 ಮೀಟರಿನಲ್ಲಿ ರಸ್ತೆ ಇದೆ, ವಿಮಾನ 3 ಡಿಗ್ರಿಯಲ್ಲಿ ಇಳಿದು ಥ್ರೆಶೋಲ್ಡನ್ನು 15 ಮೀಟರ್ ಎತ್ತರದಲ್ಲಿ ದಾಟುತ್ತದೆ ಎನ್ನಿ. ರಸ್ತೆಯ ಮೇಲೆ ಅದರ ಎತ್ತರ 25 ಮೀಟರ್ ಚಿಲ್ಲರೆ, ಲಾರಿಯ ನೆತ್ತಿಗೂ ಚಕ್ರಕ್ಕೂ ನಡುವೆ 8 ಮೀಟರ್. ಹೊಸಬ ಕೆಳಗೆ ಕುಸಿದು ಥ್ರೆಶೋಲ್ಡಿಗೆ 5 ಮೀಟರಿನಲ್ಲಿ ಬಂದರೆ ರಸ್ತೆಯ ಮೇಲೆ ಹದಿನೈದೂವರೆ ಮೀಟರ್, ಅಂದರೆ ಲಾರಿಗಿಂತ ಕೆಳಗೆ!

ಎಡಿಟರಿನಲ್ಲಿ ಇದನ್ನು 08 ತುದಿಯ ಡಿಸ್‌ಪ್ಲೇಸ್ಡ್ ಥ್ರೆಶೋಲ್ಡ್ ಖಾನೆಯಲ್ಲಿ ಮೀಟರಿನಲ್ಲಿ ತುಂಬಬೇಕು. ಬಾಣದ ಗುರುತುಗಳು ತಾವೇ ಮೂಡುತ್ತವೆ. ಬ್ಲಾಸ್ಟ್‌ಪ್ಯಾಡ್ ಖಾನೆಯಲ್ಲಿ ತುಂಬಿದರೆ ಹಳದಿ ಚೆವ್ರಾನ್ (ಬಾಣದ ತಲೆಯಂಥ ಪಟ್ಟೆ) ಬಂದು ಆ ಭಾಗ ರನ್‌ವೇಯಿಂದಲೇ ಹೊರಗಾಗುತ್ತದೆ.

ಇಳಿಯುವವರಿಗೆ ಇಷ್ಟು ಸಾಕು. ಏರುವವರಿಗೆ ಥ್ರೆಶೋಲ್ಡ್ ಸರಿಸಿ ಪ್ರಯೋಜನವಿಲ್ಲ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬರುವಾಗ 26 ಬಳಕೆಗೆ ಬರುತ್ತದೆ, ವಿಮಾನ ಏರುವುದು ರಸ್ತೆಯ ಕಡೆಗೇ. ಚಳಿಗಾಲದಲ್ಲಿ ಮೂಡಣ ಗಾಳಿ, ಆಗ 08ಕ್ಕೆ ಇಳಿಯುವುದು ರಸ್ತೆಯ ಮೇಲಿಂದ. ಮೇಲ್ಸೇತುವೆಗೆ ರಜೆ ಎಂಬುದೇ ಇಲ್ಲ.

ಬೇಸಗೆಯ ಮಧ್ಯಾಹ್ನ

3,000 ಅಡಿಯಲ್ಲಿ ಮಾನಕ ತಾಪಮಾನ 9 ಡಿಗ್ರಿ. ಏಪ್ರಿಲಿನಲ್ಲಿ 34 ಇದ್ದರೆ ವ್ಯತ್ಯಾಸ 25. ಬಿಸಿಗೆ ಗಾಳಿ ತೆಳುವಾಗಿ, ಡಿಗ್ರಿಗೆ 120 ಅಡಿಯಂತೆ ಎತ್ತರ 3,000 ಅಡಿ ಹೆಚ್ಚಿದಂತಾಗುತ್ತದೆ, ಅಂದರೆ ಎಂಜಿನ್ನಿನ ಪಾಲಿಗೆ ಅದು 6,000 ಅಡಿ. ಸಾವಿರ ಅಡಿಗೆ ಸುಮಾರು 3% ಶಕ್ತಿ ಹೋಗುತ್ತದೆಂದು ಹಿಡಿದರೆ ಸೆಸ್ನಾ 152ರ 110 ಅಶ್ವಶಕ್ತಿಯಲ್ಲಿ ಉಳಿಯುವುದು 90. ನಿಮಿಷಕ್ಕೆ 500 ಅಡಿ ಏರುತ್ತ ಗಂಟೆಗೆ 70 ನಾಟಿಕಲ್ ಮೈಲಿ ವೇಗದಲ್ಲಿ ಹೋದರೆ ಏರಿಕೆ 7%. 17 ಮೀಟರಿನ ಅಡ್ಡಿಯನ್ನು 15 ಮೀಟರ್ ಅಂತರ ಬಿಟ್ಟು ದಾಟಲು ಚಕ್ರ ನೆಲ ಬಿಟ್ಟ ಮೇಲೆ 450 ಮೀಟರಿಗೂ ಹೆಚ್ಚು ಬೇಕು. ಸೀನರಿ ಪರೀಕ್ಷಿಸುವವರು ಹವಾಮಾನವನ್ನು ಡೀಫಾಲ್ಟ್ 15 ಡಿಗ್ರಿಗೆ ಬಿಟ್ಟು ‘ಆರಾಮಾಗಿ ದಾಟಿತು’ ಎಂದು ವರದಿ ಕಳಿಸಬೇಡಿ. 34 ಡಿಗ್ರಿ, ಎರಡೂ ಸೀಟು ಭರ್ತಿ, ಗಾಳಿ ಸೊನ್ನೆ ಇಟ್ಟು ನೋಡಿ. ಇಷ್ಟು ಎತ್ತರದಲ್ಲಿ ಮಿಕ್ಸ್ಚರ್ (ಇಂಧನ, ಗಾಳಿಯ ಮಿಶ್ರಣ) ಪೂರ್ತಿ ರಿಚ್, ಅಂದರೆ ಇಂಧನ ಹೆಚ್ಚು, ಇಟ್ಟರೆ ಇನ್ನೂ ಶಕ್ತಿ ಸೋರುತ್ತದೆ. ರನಪ್‌ನಲ್ಲಿ ಆರ್‌ಪಿಎಂ ಏರುವ ತನಕ ಲೀನ್ ಮಾಡಿ (ಇಂಧನ ಕಡಿಮೆ ಮಾಡಿ).

ಮೇಲ್ಸೇತುವೆ

ಎಕ್ಸ್-ಪ್ಲೇನ್‌ನ ರಸ್ತೆಗಳು ಓಪನ್ ಸ್ಟ್ರೀಟ್ ಮ್ಯಾಪಿನವು. ಮೇಲ್ಸೇತುವೆ ಎಂಬ ಗುರುತು ಅಲ್ಲಿದ್ದರೂ ಎತ್ತರ ಆಟದ ಅಂದಾಜು, ನಂಬುವಂತಿಲ್ಲ. ನಮ್ಮ ದಾರಿ: ಎಕ್ಸ್‌ಕ್ಲೂಷನ್ ಝೋನಿನಿಂದ (ಆಟದ ವಸ್ತುಗಳನ್ನು ಅಳಿಸುವ ಆಯತ) ಆ ತುಂಡು ರಸ್ತೆ ತೆಗೆದು ಬ್ಲೆಂಡರಿನಲ್ಲಿ ಮಾಡಿದ ಸೇತುವೆ ಕೂರಿಸುವುದು. ಝೋನ್ ಯಾವಾಗಲೂ ಅಕ್ಷಾಂಶ ರೇಖಾಂಶಕ್ಕೆ ನೇರವಾದ ಆಯತ, ರಸ್ತೆಯೋ ಓರೆ. ಒಂದೇ ದೊಡ್ಡ ಆಯತ ಹಾಕಿದರೆ ಪಕ್ಕದ ಬೀದಿಗಳೂ ಅಳಿಸಿಹೋಗುತ್ತವೆ. ಸಣ್ಣ ಆಯತಗಳನ್ನು ಮೆಟ್ಟಿಲಂತೆ ಜೋಡಿಸಿ. ಇದರಲ್ಲಿ ಒಂದು ನಷ್ಟವಿದೆ: ಆಟದ ವಾಹನಗಳು ನಮ್ಮ ಸೇತುವೆಯ ಮೇಲೆ ಓಡವು. ಬಳ್ಳಾರಿ ರಸ್ತೆ ಖಾಲಿ ಇರುವುದನ್ನು ನೋಡುವ ಭಾಗ್ಯ ಇಲ್ಲಿ ಮಾತ್ರ. ಅಡ್ಡಿಯ ಎತ್ತರ ಸರಿ ಬರಲೆಂದು ರನ್‌ವೇಯ ನೇರಕ್ಕೆ ಒಂದೆರಡು ಲಾರಿ ನಿಲ್ಲಿಸಿದ್ದೇವೆ.

ಎತ್ತರಕ್ಕೆ ಉಪಗ್ರಹ ಚಿತ್ರದ ನೆರಳೇ ಆಧಾರ. ಚಿತ್ರ ತೆಗೆದ ದಿನ, ಹೊತ್ತು ಗೊತ್ತಿದ್ದರೆ ಸೂರ್ಯನ ಕೋನ ಸಿಗುತ್ತದೆ. ನೆರಳು 9 ಮೀಟರ್, ಕೋನ 50 ಡಿಗ್ರಿ ಆದರೆ 9 ಗುಣಿಸು 1.19, ಎತ್ತರ 10.7 ಮೀಟರ್. ಸೇತುವೆಯ ತಡೆಗೋಡೆಯ ನೆರಳೂ ಇದರಲ್ಲಿ ಸೇರಿರುತ್ತದೆ, ರಸ್ತೆಯ ಮಟ್ಟ ಬೇಕಾದರೆ ಗೋಡೆಯ ಎತ್ತರ ಕಳೆಯಿರಿ. ನೆರಳನ್ನು ಅದು ಬೀಳುವ ದಿಕ್ಕಿನಲ್ಲೇ ಅಳೆಯಬೇಕು, ರಸ್ತೆಗೆ ಅಡ್ಡಲಾಗಿ ಅಳೆದರೆ ಎತ್ತರ ಕಡಿಮೆ ಬರುತ್ತದೆ.

ಏಪ್ರನ್, ಹ್ಯಾಂಗರ್, ಇಂಧನ

ರ‍್ಯಾಂಪ್ ಸ್ಟಾರ್ಟುಗಳಿಗೆ (ವಿಮಾನ ನಿಲ್ಲುವ ಜಾಗಗಳು) ಗಾತ್ರ ‘ಎ’, ಬಳಕೆ ಜನರಲ್ ಏವಿಯೇಷನ್ ಎಂದು ಕೊಟ್ಟರೆ ಎಕ್ಸ್-ಪ್ಲೇನ್ 12 ತಾನೇ ಸಣ್ಣ ವಿಮಾನಗಳನ್ನು ನಿಲ್ಲಿಸುತ್ತದೆ. ಸೆಸ್ನಾ 172ರ ರೆಕ್ಕೆ 11 ಮೀಟರ್, ಈ ಗಾತ್ರಕ್ಕೆ ಅಂತರ 3 ಮೀಟರ್. ನಡುವಿನಿಂದ ನಡುವಿಗೆ 14 ಮೀಟರ್ ಬಿಟ್ಟಿದ್ದೇವೆ. ಹೆಲಿಕಾಪ್ಟರುಗಳಿಗೆ ಪ್ರತ್ಯೇಕ ಜಾಗ ಕೊಡದಿದ್ದರೆ ಸೆಸ್ನಾದ ಜಾಗದಲ್ಲೇ ಬಂದು ಕೂರುತ್ತವೆ.

ಹ್ಯಾಂಗರುಗಳ ಗೆರೆ ಎಳೆಯುವಾಗ ಚಾವಣಿಯ ಅಂಚು ಹಿಡಿಯಬೇಡಿ, ಚಿತ್ರ ಓರೆಯಾಗಿ ತೆಗೆದದ್ದಾದರೆ ಚಾವಣಿ ಒಂದು ಬದಿಗೆ ವಾಲಿರುತ್ತದೆ. ಗೋಡೆ ನೆಲಕ್ಕೆ ತಾಗುವ ಜಾಗ ಹಿಡಿಯಿರಿ. ಇಂಧನಕ್ಕೆ ಲೈಬ್ರರಿಯ ದೊಡ್ಡ ಟ್ಯಾಂಕರ್ ಇಟ್ಟಿಲ್ಲ, 200 ಲೀಟರ್ ಬ್ಯಾರೆಲ್ಲುಗಳ ಸಾಲು ಸಾಕು. ಪಿಸ್ಟನ್ ಎಂಜಿನ್ನಿಗೆ ಬೇಕಾದ ಆವ್‌ಗ್ಯಾಸ್ 100ಎಲ್‌ಎಲ್ 2022ರಲ್ಲಿ ಇಂಡಿಯನ್ ಆಯಿಲ್ ದೇಶದಲ್ಲೇ ತಯಾರಿಸುವ ತನಕ ಹೊರದೇಶದಿಂದ ಬರುತ್ತಿತ್ತು. ಐಎಲ್‌ಎಸ್ (ಇಳಿಯಲು ರೇಡಿಯೋ ಮೂಲಕ ದಾರಿ ತೋರುವ ವ್ಯವಸ್ಥೆ) ಇಲ್ಲ. ರನ್‌ವೇ ಅಂಚಿನ ದೀಪದ ಖಾನೆಯನ್ನೂ ಖಾಲಿ ಬಿಟ್ಟಿದ್ದೇವೆ, ಹಗಲಲ್ಲೇ ಹಾರಿಸಿ.

‘ಆಲ್ವೇಸ್ ಫ್ಲ್ಯಾಟನ್’ ಆಯ್ಕೆ ಮುಟ್ಟಬೇಡಿ. ನೆಲ ಸಮವಾಗುತ್ತದೆ ನಿಜ, ಆದರೆ ಗಡಿರೇಖೆಯಲ್ಲಿ ಗೋಡೆಯಂಥ ಏರು ಎದ್ದು ಬೇಲಿ ಗಾಳಿಯಲ್ಲಿ ತೇಲುತ್ತದೆ.

ಸುತ್ತಲಿನ ಆಕಾಶ

ಉತ್ತರಕ್ಕೆ 6-7 ಕಿ.ಮೀ. ದೂರದಲ್ಲಿ ಯಲಹಂಕ ವಾಯುನೆಲೆ, ಈಶಾನ್ಯಕ್ಕೆ ಸುಮಾರು 18 ಕಿ.ಮೀ. ಕೆಂಪೇಗೌಡ ನಿಲ್ದಾಣ, ಆಗ್ನೇಯಕ್ಕೆ ಸುಮಾರು 16 ಕಿ.ಮೀ. ಎಚ್‌ಎಎಲ್. ಆಟದ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣ) ಈ ಇಕ್ಕಟ್ಟು ಅರ್ಥವಾಗದು. 26ರಿಂದ ಏರಿದವರು ಉತ್ತರಕ್ಕೆ ತಿರುಗಿದರೆ ಯಲಹಂಕದ ಮೇಲೆ ಹೋಗುತ್ತಾರೆ, ಆದ್ದರಿಂದ 26ಕ್ಕೆ ಎಡ ಸರ್ಕ್ಯೂಟ್ (ಏರಿ ಸುತ್ತಿ ಬಂದು ಇಳಿಯುವ ಹಾದಿ), 08ಕ್ಕೆ ಬಲ ಸರ್ಕ್ಯೂಟ್ ಇಟ್ಟಿದ್ದೇವೆ. ಇದು ಸಿಮ್ಯುಲೇಟರಿನ ಅನುಕೂಲಕ್ಕೆ ಮಾಡಿದ್ದು, ನಿಜದ ಹಾರಾಟಕ್ಕೆ ಅಧಿಕೃತ ವೈಮಾನಿಕ ಮಾಹಿತಿ ಪ್ರಕಟಣೆಯಾದ ಎಐಪಿಯೇ ಪ್ರಮಾಣ. ಈಶಾನ್ಯದ ಜಕ್ಕೂರು ಕೆರೆ, ಆಗ್ನೇಯದ ರಾಚೇನಹಳ್ಳಿ ಕೆರೆ ಎರಡೂ ಆಟದ ಡೀಫಾಲ್ಟ್ ಮೆಶ್‌ನಲ್ಲಿ (ನೆಲದ ಮೇಲ್ಮೈಯ ಮಾದರಿ) ಒರಟಾಗಿವೆ. ದಾರಿ ಗುರುತಿಗೆ ಸಾಕು ಎಂದು ಸದ್ಯಕ್ಕೆ ಬಿಟ್ಟಿದ್ದೇವೆ.

ಬಾಕಿ ಇರುವುದು

ಗೇಟ್‌ವೇಗೆ ಸ್ವಂತ ಮಾದರಿ ಕಳಿಸುವಂತಿಲ್ಲ, ಆಟದ ಲೈಬ್ರರಿಯಲ್ಲಿ ಇರುವುದಷ್ಟೇ ನಡೆಯುತ್ತದೆ. ಹಾಗಾಗಿ ಅಲ್ಲಿಗೆ ಹೋಗುವ ಪ್ರತಿಯಲ್ಲಿ ಮೇಲ್ಸೇತುವೆ ಇರದು, ಸರಿಸಿದ ಥ್ರೆಶೋಲ್ಡ್ ಮಾತ್ರ ಇರುತ್ತದೆ. ಪೂರ್ತಿ ಪ್ಯಾಕ್ ಬೇಕಾದವರು ಅದನ್ನು ಕಸ್ಟಮ್ ಸೀನರಿ ಫೋಲ್ಡರಿಗೆ ಹಾಕಿ, ಸೀನರಿ ಪ್ಯಾಕ್ಸ್ ಕಡತದಲ್ಲಿ ಗ್ಲೋಬಲ್ ಏರ್‌ಪೋರ್ಟ್ಸ್ ಸಾಲಿಗಿಂತ ಮೇಲೆ ತರಬೇಕು. ಕೆಳಗಿದ್ದರೆ ಎಕ್ಸ್‌ಕ್ಲೂಷನ್ ಕೆಲಸ ಮಾಡದೆ ಎರಡೆರಡು ಹ್ಯಾಂಗರ್ ಒಂದರೊಳಗೊಂದು ಕಾಣುತ್ತವೆ. ಇಂದಿನ ಪ್ಯಾಕ್, 1960ರ ಪ್ಯಾಕ್ ಎರಡನ್ನೂ ಒಟ್ಟಿಗೆ ಚಾಲೂ ಇಡಬೇಡಿ, ಒಂದರ ಸಾಲಿಗೆ ಡಿಸೇಬಲ್ಡ್ ಹಾಕಿ. ಸೇತುವೆಯ ಕಂಬಗಳ ಟೆಕ್ಸ್ಚರ್ ಮುಗಿದ ಕೂಡಲೇ ಮುಂದಿನ ಪ್ರತಿ ಬರುತ್ತದೆ.