ಹಾಡಿನ ನಂಬರಿನ ಪಕ್ಕದಲ್ಲಿ ಒಂದು ಹೆಸರು

ಹೋದ ಮಾರ್ಚ್‌ನಲ್ಲಿ ನಮ್ಮ ಚರ್ಚಿನ ಸಭೆಯ ಹೆಂಗಸರ ಕೂಟದವರು ಅಂಗಡಿಗೆ ಬಂದರು. ಕೈಯಲ್ಲಿ ಹಳೇ ಹಾಡಿನ ಪುಸ್ತಕ. ಹೊಲಿಗೆ ಬಿಚ್ಚಿಹೋಗಿತ್ತು, ರಬ್ಬರ್ ಬ್ಯಾಂಡ್ ಹಾಕಿಕೊಂಡು ತಂದಿದ್ದರು. "ಇದ್ರಾಗಿನ ಅರವತ್ತು ಹಾಡು ದೊಡ್ಡ ಅಕ್ಷರದಾಗ ಮಾಡಿಕೊಡವ್ವ. ಮುದುಕೇರಿಗೆ ಕಾಣವಲ್ದು" ಅಂದರು.

ನಾನು ರಾಯಚೂರಿನಲ್ಲಿ, ಸ್ಟೇಷನ್ ರಸ್ತೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. 19 ವರ್ಷ ಆಯ್ತು. ಲಗ್ನಪತ್ರಿಕೆ, ಬಿಲ್ ಬುಕ್, ಬೀಜ-ಗೊಬ್ಬರದ ಅಂಗಡಿಯ ಕರಪತ್ರ, ಉರುಸು, ಜಾತ್ರೆ, ತಿಥಿ ಕಾರ್ಡು, ಎಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ಹಾಡಿನ ಪುಸ್ತಕ ಮಾತ್ರ ಯಾವತ್ತೂ ಮಾಡಿರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಹಾಡುಗಳನ್ನು ಒಂದೊಂದೇ ಅಕ್ಷರ ಕುಟ್ಟುವಾಗ ಅವು ಬೇರೆ ಥರ ಕಂಡವು. ಹಾಡುವಾಗ ಬಾಯಿ ಮುಂದೆ ಓಡುತ್ತದೆ. ಟೈಪ್ ಮಾಡುವಾಗ ಪ್ರತಿ ಒತ್ತಕ್ಷರಕ್ಕೂ ನಿಲ್ಲಬೇಕು.

ಆ ಹಳೇ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತುಗಳಿದ್ದವು. "ಕರಿ ಎರಡು", "ಬಿಳಿ ನಾಲ್ಕು" ಅಂತ ಹಾರ್ಮೋನಿಯಂ ಮನೆಗಳು. ಕೆಲವು ಹಾಡಿನ ತಲೆಯ ಮೇಲೆ ಇಂಗ್ಲಿಷ್ ಹಾಡಿನ ಮೊದಲ ಸಾಲು ಇತ್ತು, ಧಾಟಿ ಗೊತ್ತಾಗಲಿ ಅಂತ. ಬರೆದವರ ಹೆಸರು ಎಲ್ಲೂ ಇಲ್ಲ. ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಕಾಕಾ ಹತ್ತಿರ ಸ್ವರಗಳ ಸಮೇತ ಇರುವ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇದೆ. ಸಾಲು ಸರಿಯಿದೆಯಾ ನೋಡೋಣ ಅಂತ ಅದನ್ನು ಇಸಿದುಕೊಂಡು ಬಂದೆ. ಅದರಲ್ಲಿ ಹೆಸರುಗಳಿದ್ದವು. ನಾನು ಟೈಪ್ ಮಾಡುತ್ತಿದ್ದ 60ರಲ್ಲಿ ಏಳು ಹಾಡಿಗೆ ಒಂದೇ ಹೆಸರು. ಫ್ಯಾನಿ ಜೆ. ಕ್ರಾಸ್ಬಿ.

ಏಳೂ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಹಾಡುಗಳೇ. ನನ್ನನ್ನು ದಾಟಿ ಹೋಗಬೇಡ ರಕ್ಷಕನೇ ಅಂತ ಬೇಡಿಕೊಳ್ಳುವ ಹಾಡು. ಯೇಸು ನನ್ನವನು ಅನ್ನುವ ಭರವಸೆಯ ಹಾಡು. ಯೇಸುವಿನ ತೋಳಲ್ಲಿ ಕ್ಷೇಮವಾಗಿದ್ದೇನೆ ಅನ್ನುವ, ಮಣ್ಣು ಮಾಡುವಾಗ ಹಾಡುವ ಹಾಡು. ಇವನ್ನೆಲ್ಲ ಒಬ್ಬ ಹೆಂಗಸು ಬರೆದದ್ದು ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಆಮೇಲೆ ಆಕೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1820ರ ಮಾರ್ಚ್ 24ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ಆರು ವಾರದ ಕೂಸಿದ್ದಾಗ ಕಣ್ಣಿಗೆ ಬೇನೆ ಬಂತು. ವೈದ್ಯ ಅಂತ ಹೇಳಿಕೊಂಡ ಯಾರೋ ಒಬ್ಬ ಬಿಸಿ ಸಾಸಿವೆಯ ಪಟ್ಟು ಹಾಕಿದ, ದೃಷ್ಟಿ ಹೋಯಿತು ಅಂತಲೇ ಮನೆಯವರು ನಂಬಿದ್ದರು. ಅದೇ ವರ್ಷ ಅಪ್ಪನೂ ತೀರಿಕೊಂಡ. ತಾಯಿ ಬೇರೆಯವರ ಮನೆಯಲ್ಲಿ ದುಡಿಯಲು ಹೋದಳು. ಅಜ್ಜಿ ಸಾಕಿದಳು. ಹೂವು, ಹಕ್ಕಿ, ಆಕಾಶ, ಎಲ್ಲವನ್ನೂ ಮಾತಿನಲ್ಲೇ ತೋರಿಸಿದಳು. ಚಿಕ್ಕಂದಿನಲ್ಲೇ ವಾರಕ್ಕೆ ಬೈಬಲಿನ ಐದು ಅಧ್ಯಾಯ ಬಾಯಿಪಾಠ ಮಾಡುತ್ತಿದ್ದಳಂತೆ.

ಎಲ್ಲರೂ ಆಕೆಯ ಕಣ್ಣಿನ ಕಥೆಯನ್ನೇ ಮೊದಲು ಹೇಳುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಆಕೆ ಕೆಲಸ ಮಾಡಿದ ರೀತಿ.

ಆಕೆ ಭಕ್ತಿಗೀತೆ ಬರೆಯೋಕೆ ಕೂತಾಗ ವಯಸ್ಸು 44ರ ಹತ್ತಿರ ಬಂದಿತ್ತು. ಅದಕ್ಕೂ ಮೊದಲು ಅಂಧರ ಶಾಲೆಯಲ್ಲಿ ಓದಿ, ಅಲ್ಲೇ ಟೀಚರ್ ಆಗಿದ್ದಳು, ಕವಿತೆ ಪುಸ್ತಕ ತಂದಿದ್ದಳು, ಲೋಕದ ಹಾಡುಗಳನ್ನೂ ಬರೆದಿದ್ದಳು. 1864ರಲ್ಲಿ ವಿಲಿಯಂ ಬ್ರಾಡ್‌ಬರಿ ಅನ್ನುವ ಸಂಗೀತಗಾರರು ಸಂಡೆ ಸ್ಕೂಲಿಗೆ ಹಾಡು ಬೇಕು ಅಂದರು. ಅಲ್ಲಿಂದ ಶುರು. 8,000ಕ್ಕೂ ಜಾಸ್ತಿ ಹಾಡು ಬರೆದಳು. ಒಂದು ಹಾಡಿಗೆ ಒಂದೋ ಎರಡೋ ಡಾಲರ್. ಆ ಹಾಡು ಎಷ್ಟು ಪುಸ್ತಕದಲ್ಲಿ ಬಂದರೂ ಮತ್ತೆ ದುಡ್ಡಿಲ್ಲ. ಬಂದಿದ್ದರಲ್ಲೂ ಬಡವರಿಗೆ ಕೊಟ್ಟು, ತಾನು ಬಾಡಿಗೆ ಮನೆಗಳಲ್ಲೇ ಇದ್ದಳು.

ಬರೆಯುವುದು ಅಂದರೆ ಎಲ್ಲ ತಲೆಯಲ್ಲೇ. ಒಂದು ಹಾಡು ಪೂರ್ತಿ ಮನಸ್ಸಿನಲ್ಲಿ ಕಟ್ಟಿ, ತಿದ್ದಿ, ಆಮೇಲೆ ಯಾರಿಗಾದರೂ ಹೇಳಿ ಬರೆಸುವುದು. ಎಷ್ಟೋ ಸಲ ಹತ್ತಾರು ಹಾಡು ಒಟ್ಟಿಗೇ ತಲೆಯಲ್ಲಿ ಇಟ್ಟುಕೊಂಡಿರುತ್ತಿದ್ದಳಂತೆ. ನನಗೆ ಕರೆಂಟ್ ಹೋದರೆ ಸೇವ್ ಮಾಡಿಲ್ಲದ ಅರ್ಧ ಪುಟಕ್ಕೇ ಎದೆ ಧಸಕ್ಕನ್ನುತ್ತದೆ.

1868ರ ಏಪ್ರಿಲ್ ತಿಂಗಳಲ್ಲಿ ವಿಲಿಯಂ ಡೋನ್ ಆಕೆಯ ಮನೆಗೆ ಬಂದರು. ಅವರು ಮರಗೆಲಸದ ಯಂತ್ರ ಮಾಡುವ ಕಂಪನಿ ನಡೆಸುತ್ತ, ಹಾಡಿಗೆ ಧಾಟಿಯನ್ನೂ ಹಾಕುತ್ತಿದ್ದವರು. ನನ್ನ ರೈಲಿಗೆ ಇನ್ನು 40 ನಿಮಿಷ ಇದೆ, ಒಂದು ಧಾಟಿ ತಂದಿದ್ದೇನೆ, ಮಾತು ಬೇಕು ಅಂದರು. ಧಾಟಿ ಕೇಳಿಸಿದರು. ಆಕೆ ಒಳಗೆ ಹೋಗಿ ಪ್ರಾರ್ಥನೆ ಮಾಡಿ, ಅಷ್ಟರೊಳಗೇ ಹಾಡು ಮುಗಿಸಿ ಕೊಟ್ಟಳು. ಡೋನ್ ಗಾಡಿ ಹಿಡಿದರು. ಅದೇ "ಯೇಸುವಿನ ತೋಳಲ್ಲಿ ಕ್ಷೇಮ" ಅನ್ನುವ ಹಾಡು.

ಇದನ್ನು ಓದಿ ನಾನು ಸುಮ್ನೆ ಕೂತುಬಿಟ್ಟೆ. ಸ್ಟೇಷನ್ ರಸ್ತೆಯಲ್ಲಿ ನಮಗೂ ದಿನಾ ಇದೇ ಮಾತು. "ಅಕ್ಕಾ, ಗಾಡಿ ಟೈಮ್ ಆಗ್ಯಾದ, ಲಗೂನ ಮಾಡಿಕೊಡ್ರಿ." ಅವಸರದಲ್ಲಿ ಮಾಡಿದ ಕೆಲಸ ಅಷ್ಟಕ್ಕಷ್ಟೇ ಅಂತ ನಾನು ತಿಳಿದಿದ್ದೆ. 40 ನಿಮಿಷದಲ್ಲಿ ಕಟ್ಟಿದ ಹಾಡನ್ನು 150 ವರ್ಷ ಆದಮೇಲೂ ರಾಯಚೂರಿನ ಸ್ಮಶಾನದಲ್ಲಿ ಹಾಡುತ್ತೇವೆ. ಆ 40 ನಿಮಿಷದ ಹಿಂದೆ ಬಾಯಿಪಾಠ ಮಾಡಿದ ಅಷ್ಟೂ ಅಧ್ಯಾಯಗಳು ಇದ್ದವು. ಒಂದು ಸಂಕಟವೂ ಇತ್ತು. ಆಕೆ 1858ರಲ್ಲಿ ಅಲೆಕ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಅನ್ನುವ, ತನ್ನ ಹಾಗೇ ಕಣ್ಣು ಕಾಣದ ಸಂಗೀತಗಾರನನ್ನು ಮದುವೆಯಾದಳು. ಒಂದು ಕೂಸು ಹುಟ್ಟಿತು, ಉಳಿಯಲಿಲ್ಲ. ಆ ಬಗ್ಗೆ ಆಕೆ ಮಾತಾಡಿದ್ದು ಬಹಳ ಕಡಿಮೆ.

ಭರವಸೆಯ ಹಾಡು ಆದದ್ದೂ ಹೀಗೇ. 1873ರಲ್ಲಿ ಆಕೆಯ ಗೆಳತಿ ಫೀಬಿ ನ್ಯಾಪ್ ಹೊಸದೊಂದು ಧಾಟಿ ಬಾರಿಸಿ, ಇದು ಏನು ಹೇಳುತ್ತದೆ ಅಂತ ಕೇಳಿದಳು. ಆಕೆ ಮೊದಲ ಸಾಲನ್ನೇ ಉತ್ತರವಾಗಿ ಕೊಟ್ಟಳು. ಈ ಧಾಟಿ ಮೂರು ಮೂರು ಪೆಟ್ಟಿನಲ್ಲಿ ತೂಗಿ ಹೋಗುತ್ತದೆ. ನಮ್ಮ ಡೋಲಕ್ ಹುಡುಗ ಇದಕ್ಕೆ ದಾದ್ರಾ ತಾಳ ಹಾಕುತ್ತಾನೆ, ಎಷ್ಟು ಚೆಂದ ಕೂರುತ್ತದೆ ಅಂದರೆ ಇಲ್ಲೇ ಹುಟ್ಟಿದ ಹಾಡು ಅನ್ನಬೇಕು.

ಕನ್ನಡಕ್ಕೆ ತಂದವರ ಕಷ್ಟ ನನಗೆ ಟೈಪ್ ಮಾಡುವಾಗಲೇ ತಿಳಿದದ್ದು. ಧಾಟಿ ಎಲ್ಲಿ ಎಳೆಯುತ್ತದೋ ಅಲ್ಲಿ ದೀರ್ಘ ಅಕ್ಷರ ಬೀಳಬೇಕು. "ಮನ" ಅನ್ನುವ ಮಾತು ಅಲ್ಲಿ ಬಿದ್ದರೆ ಎಳೆದು ಎಳೆದು "ಮಾನ" ಆಗುತ್ತದೆ. "ಬಲ" ಬಿದ್ದರೆ "ಬಾಲ". ಅದಕ್ಕೇ ಅವರು ಎಷ್ಟೋ ಕಡೆ ಮಾತು ಹಿಂದೆ ಮುಂದೆ ಮಾಡಿ, "ಯೇಸು" ಅನ್ನುವುದನ್ನು ತಂದು ಆ ಎಳೆತದ ಮೇಲೆ ಕೂರಿಸಿದ್ದಾರೆ. ಮೊದಲ ಅಕ್ಷರವೇ ದೀರ್ಘ, ಎಷ್ಟು ಎಳೆದರೂ ಮಾತು ಕೆಡುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಹಾಗಾಗಿ ಒಂದು ಸಾಲಿನ ಅರ್ಥ ಬಹಳ ಸಲ ಮುಂದಿನ ಸಾಲಿಗೆ ಜಾರಿರುತ್ತದೆ. "ಯೇಸು ನನ್ನವನು" ಅನ್ನುವ ಮಾತು ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಕಡೆ, "ನನ್ನ" ಅನ್ನುವುದರ ಹತ್ತಿರ ಬಂದು ನಿಲ್ಲುತ್ತದೆ. ಹಿಂದೆ ಕೂತು ಬೆರಳಿನಲ್ಲಿ ಮಾತ್ರೆ ಎಣಿಸಿ ಇದನ್ನು ಮಾಡಿದವರಿಗೆ ನಾನು ಕೈ ಮುಗಿಯುತ್ತೇನೆ.

8,000 ಹಾಡೂ ಒಂದೇ ತೂಕದವು ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಸುಮಾರು ಓದಿದೆ. ಅದೇ ಮಾತು, ಅದೇ ಪ್ರಾಸ ತಿರುಗಿ ತಿರುಗಿ ಬರುವಂಥವು ಬೇಕಾದಷ್ಟಿವೆ. ಆದರೆ ಆಕೆ ಪುಸ್ತಕದ ಕಪಾಟಿಗೆ ಅಂತ ಬರೆದವಳಲ್ಲ. ಒಂದೇ ಸಲ ಕೇಳಿದ ಕೂಲಿಯವರಿಗೂ ಪಲ್ಲವಿ ಬಾಯಿಗೆ ಹತ್ತಬೇಕು, ಅಷ್ಟು ಸರಳ ಇರಬೇಕಿತ್ತು. ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ, ಜೈಲಿನಲ್ಲಿ ಹೋಗಿ ಮಾತಾಡುತ್ತಿದ್ದಳು. ದಾಟಿ ಹೋಗಬೇಡ ಅನ್ನುವ ಹಾಡಿಗೆ ಜೈಲಿನಲ್ಲಿ ಒಬ್ಬ ಕೈದಿ ಕೂಗಿಕೊಂಡ ಮಾತೇ ಮೂಲ ಅಂತ ಹೇಳುತ್ತಾರೆ. ನನಗೆ ಏಳರಲ್ಲಿ ಅದೇ ಎಲ್ಲಕ್ಕಿಂತ ಮೇಲು. ಬೇರೆಯವರನ್ನು ಕರೆಯುವಾಗ ನನ್ನನ್ನೂ ಕರಿ ಅಂತ ಬೇಡುವುದಿದೆಯಲ್ಲ, ಅದು ರೇಷನ್ ಅಂಗಡಿ ಸಾಲಿನಲ್ಲಿ ನಿಂತವರಿಗೂ ಗೊತ್ತಿರುವ ದನಿ.

ಇನ್ನು ಹೆಸರಿನ ವಿಷಯ. ಆಕೆ ಸುಮಾರು 200 ಬೇರೆ ಬೇರೆ ಹೆಸರಿನಲ್ಲಿ ಬರೆದಳು. ಗ್ರೇಸ್ ಜೆ. ಫ್ರಾನ್ಸಿಸ್, ಜೂಲಿಯಾ ಸ್ಟರ್ಲಿಂಗ್, ಎಲ್ಲಾ ಡೇಲ್, ಹೀಗೆ. ಒಂದು ಪುಸ್ತಕದಲ್ಲಿ ಅರ್ಧಕ್ಕರ್ಧ ಒಬ್ಬಳದೇ ಹಾಡು ಅಂತ ಕಾಣಬಾರದು ಅಂತ ಪ್ರಕಾಶಕರಿಗೆ ಇತ್ತು. ಇದು ನನಗೆ ಬಹಳ ಚುಚ್ಚಿತು.

ಯಾಕೆಂದರೆ ನಮ್ಮದು ಅಂಕಿತದ ನಾಡು. ನಮ್ಮ ಮಾನ್ವಿ ಸೀಮೆಯ ದಾಸರ ಪದ ಯಾರದು ಅಂತ ಕೊನೆ ಸಾಲು ಕೇಳಿದರೆ ಸಾಕು. ವಿಜಯವಿಠಲ ಬಂದರೆ ವಿಜಯದಾಸರು, ಜಗನ್ನಾಥವಿಠಲ ಬಂದರೆ ಜಗನ್ನಾಥದಾಸರು. ಲಿಂಗಸುಗೂರು ಕಡೆಯ ಆಯ್ದಕ್ಕಿ ಲಕ್ಕಮ್ಮ ಅಕ್ಕಿ ಆಯ್ದು ಬದುಕಿದವಳು. ಗಂಡ ಜಾಸ್ತಿ ಅಕ್ಕಿ ತಂದಾಗ ಬೇಕಾದಷ್ಟೇ ಸಾಕು, ಉಳಿದದ್ದು ವಾಪಸ್ ಸುರಿದು ಬಾ ಅಂದವಳು. ಆಕೆಯ ವಚನದಲ್ಲೂ "ಮಾರಯ್ಯಪ್ರಿಯ ಅಮರೇಶ್ವರಲಿಂಗ" ಅಂತ ಅಂಕಿತ ಇದೆ. ಅದು ದೇವರ ಹೆಸರೇ, ಆದರೂ ಅದರಿಂದ ನಮಗೆ ಲಕ್ಕಮ್ಮ ಸಿಗುತ್ತಾಳೆ. 800 ವರ್ಷ ದಾಟಿ ಸಿಗುತ್ತಾಳೆ. ಎರಡು ಡಾಲರಿಗೆ ದುಡಿದು ಅದನ್ನೂ ಹಂಚಿದ ಇನ್ನೊಬ್ಬ ಹೆಂಗಸಿಗೆ ಅಂಕಿತವೂ ಇಲ್ಲ, ಹೆಸರೂ ಇಲ್ಲ ಅಂದರೆ ಹೇಗೆ?

ಹಾಗಾಗಿ ಪ್ರೂಫ್‌ನಲ್ಲಿ ಪ್ರತಿ ಹಾಡಿನ ಕೆಳಗೆ ಬರೆದವರ ಹೆಸರು ಹಾಕಿದೆ. ಹಿರಿಯರು ನೋಡಿ ಬೇಡ ಅಂದರು. ಅವರ ಮಾತೂ ಸುಳ್ಳಲ್ಲ. ಪುಸ್ತಕ 64 ಪುಟಕ್ಕೆ, ಅಂದರೆ 16 ಪುಟದ ನಾಲ್ಕು ಫಾರಂಗೆ ಲೆಕ್ಕ ಹಾಕಿದ್ದು. 22 ಪಾಯಿಂಟಿನ ಅಕ್ಷರಕ್ಕೆ ಪುಟ ಮೊದಲೇ ತುಂಬಿ ಹೋಗಿತ್ತು. ಹಾಡಿಗೊಂದು ಸಾಲು ಹೆಚ್ಚಾದರೆ ಕೊನೆಯ ಚರಣಗಳು ಮುಂದಿನ ಪುಟಕ್ಕೆ ಹೋಗಿ, ಐದನೇ ಫಾರಂ ಬೇಕಾಗುತ್ತದೆ. ಕಾಗದ, ಪ್ಲೇಟು, ಬೈಂಡಿಂಗ್, ಎಲ್ಲ ಏರುತ್ತದೆ. ದುಡ್ಡು ಕೂಟದ ಹೆಂಗಸರು ಹಿಡಿ ಅಕ್ಕಿ ಕೂಡಿಟ್ಟು ಮಾರಿ ತಂದದ್ದು. ಅವರಿಗೆ ಇನ್ನೂ ಕೊಡಿ ಅಂತ ನಾನು ಹೇಗೆ ಹೇಳಲಿ?

ಎರಡು ರಾತ್ರಿ ಪುಟ ಹಿಡಿದು ಕೂತೆ. ಮೇ ತಿಂಗಳ ರಾಯಚೂರು, ರಾತ್ರಿ ಹತ್ತಕ್ಕೂ ಗೋಡೆ ಬಿಸಿ. ಅಕ್ಷರ ಸಣ್ಣ ಮಾಡುವ ಹಾಗಿಲ್ಲ, ಪುಸ್ತಕ ಮಾಡಿದ್ದೇ ಅದಕ್ಕೆ. ಸಾಲಿನ ನಡುವಿನ ಜಾಗ ಕಡಿಮೆ ಮಾಡಿದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, "ಕ್ರಿಸ್ತ"ದ ಒತ್ತುಗಳೇ ಕಾಣುವುದಿಲ್ಲ. ಕೊನೆಗೆ ಹೊಳೆದಾಗ ಇಷ್ಟೇನಾ ಅನ್ನಿಸಿತು. ಹಾಡಿನ ನಂಬರಿನ ಸಾಲು ಇತ್ತಲ್ವಾ? ಎಡಕ್ಕೆ "41" ಅಂತ ಎರಡು ಅಂಕಿ, ಬಲಕ್ಕೆ ಪೂರ್ತಿ ಖಾಲಿ. ಹೆಸರನ್ನು ಅಲ್ಲಿಗೆ ತಂದೆ. ಒಂದು ಸಾಲೂ ಹೆಚ್ಚಾಗಲಿಲ್ಲ. 64 ಪುಟ, ನಾಲ್ಕು ಫಾರಂ. ಹಿರಿಯರು ತಿರುವಿ ನೋಡಿ, "ಆಯ್ತವ್ವ, ಇರ್ಲಿ ಬಿಡು" ಅಂದರು.

41ನೇ ಹಾಡು ಆ ತೋಳಿನ ಹಾಡು. ನಾನು ಮೊದಲು ಅದನ್ನು ಕೇಳಿದ್ದು ನಮ್ಮ ದೊಡ್ಡವ್ವನ ಬಾಯಲ್ಲಿ. ನನಗಾಗ ಒಂಬತ್ತು ವರ್ಷ. ದೊಡ್ಡವ್ವನ ಕೊನೆಯ ಕೂಸು, ಏಳು ತಿಂಗಳದ್ದು, ಜ್ವರ ಬಂದು ಹೋಯಿತು. ಸ್ಮಶಾನಕ್ಕೆ ಹಾರ್ಮೋನಿಯಂ, ಡೋಲಕ್ ಯಾವುದೂ ಇರಲಿಲ್ಲ. ಪಾಸ್ಟರ್ ಶುರು ಮಾಡಿದರು, ಬೇರೆಯವರ ದನಿ ಒಡೆದು ನಿಂತಿತು. ದೊಡ್ಡವ್ವ ಮಾತ್ರ ಮೂರು ಚರಣವನ್ನೂ ಹಾಡಿದಳು. ತೋಳು ಅನ್ನುವ ಮಾತು ಬಂದಾಗಲೆಲ್ಲ ಆಕೆಯ ಖಾಲಿ ಕೈ ಮಡಚಿಕೊಂಡೇ ಇತ್ತು, ಕೂಸು ಎತ್ತಿಕೊಂಡ ಹಾಗೆ. ಅದು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ಈಗ ದೊಡ್ಡವ್ವನಿಗೆ 78. ಒಂದು ಕಣ್ಣಿಗೆ ಪೊರೆ ತೆಗೆಸಿದೆ. ಪುಸ್ತಕ ಬಂದ ಮೊದಲ ಭಾನುವಾರ ನನ್ನ ಪಕ್ಕದಲ್ಲೇ ಕೂತಿದ್ದಳು. ಹೊಸ ಕಾಗದದ ವಾಸನೆ ನೋಡಿದಳು. 41 ಅಂತ ಕೂಗಿದಾಗ ಪುಟ ತೆಗೆದು, ನಂಬರಿನಿಂದ ಬಲಕ್ಕೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಫ್ಯಾ...ನಿ... ಯಾರಬೇ ಈಕಿ?"

"ಈ ಹಾಡು ಬರೆದಾಕಿ, ದೊಡ್ಡವ್ವ. ಕಣ್ಣು ಕಾಣ್ತಿರಲಿಲ್ಲ ಆಕಿಗೆ. 95 ವರ್ಷ ಬಾಳಿಲಿಕ್ಕೆ ನಲವತ್ತು ದಿನ ಕಡಿಮೆ ಇತ್ತು, 1915ರಾಗ ತೀರಿಕೊಂಡಳು."

"ಮಕ್ಕಳು?"

"ಒಂದು ಕೂಸು ಹುಟ್ಟಿತ್ತಂತ. ಉಳಿಲಿಲ್ಲ."

ದೊಡ್ಡವ್ವ ನನ್ನ ಕಡೆ ತಿರುಗಿ ನೋಡಿದಳು. ಮತ್ತೇನೂ ಕೇಳಲಿಲ್ಲ. ಕಾಕಾ ಕರಿ ಎರಡು ಹಿಡಿದರು. ಎಲ್ಲರೂ ಎದ್ದು ನಿಂತರು. ದೊಡ್ಡವ್ವ ಕೂತಲ್ಲೇ ಹಾಡಿದಳು, ಬೆರಳು ಆ ಹೆಸರಿನ ಮೇಲೇ ಇತ್ತು.