ಮೇಷ್ಟ್ರು ತಂದ ನೀರು

“ಮೇಡಂ, ನೀವು ಪಾವಗಡ ಕಡೆಯವರಾ?”

ಮಂಗಳವಾರದಿಂದ ಈ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕೇಳಿದ್ದು ಹಲ್ಲಿನ ಡಾಕ್ಟರು. ಮಗಳ ಹುಳುಕು ಹಲ್ಲು ತುಂಬಿಸಲು ಹೋಗಿದ್ದೆ. ಹೇಗೂ ಬಂದಿದ್ದೇನಲ್ಲ, ಮುಂದಿನ ತಿಂಗಳು ಅಕ್ಕನ ಮಗನ ಮದುವೆ ಬೇರೆ, ನನ್ನ ಹಲ್ಲನ್ನೂ ಬೆಳ್ಳಗೆ ಮಾಡಲು ಆಗುತ್ತಾ ಅಂತ ಕೇಳಿದೆ. ಕುರ್ಚಿಯ ಮೇಲಿನ ದೀಪ ಎಳೆದರು, ನೋಡಿದರು, ಊರು ಹೇಳಿಬಿಟ್ಟರು. ಬಾಯಲ್ಲಿ ಕನ್ನಡಿ ಇತ್ತು. “ಆಂ” ಅಂದೆ, ಅಷ್ಟೇ.

ಊರಲ್ಲಿದ್ದಷ್ಟು ದಿನ ನನ್ನ ಹಲ್ಲು ಕಂದು ಅಂತ ನನಗೆ ಗೊತ್ತೇ ಇರಲಿಲ್ಲ. ಕ್ಲಾಸಿನಲ್ಲಿ ಎಲ್ಲರದೂ ಹಾಗೇ ಇತ್ತಲ್ಲ! ಗೊತ್ತಾಗಿದ್ದು ತುಮಕೂರಿನ ಹಾಸ್ಟೆಲ್‌ನಲ್ಲಿ. ಪಕ್ಕದ ಮಂಚದ ಹುಡುಗಿ ಒಂದು ಬೆಳಿಗ್ಗೆ ಮೆಲ್ಲಗೆ ಕೇಳಿದಳು, “ನಿನ್ಹತ್ರ ಪೇಸ್ಟ್ ಇಲ್ವಾ? ನಂದು ತಗೋ.” ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅವತ್ತಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕಲಿತೆ. ಉಪ್ಪು ಆಯಿತು, ಇದ್ದಿಲು ಆಯಿತು, ಒಂದು ಬೇಸಿಗೆ ಪೂರ್ತಿ ನಿಂಬೆಹಣ್ಣು ಆಯಿತು. ಹಲ್ಲು ಜುಮ್ಮೆನ್ನತೊಡಗಿತು, ಬಣ್ಣ ಮಾತ್ರ ಕದಲಲಿಲ್ಲ.

ಅಕ್ಕನ ಹಲ್ಲು ಮಲ್ಲಿಗೆ ಮೊಗ್ಗು. ಅದೇ ಅಪ್ಪ ಅಮ್ಮ, ಅದೇ ಹಲ್ಲುಪುಡಿ, ಅದೇ ಮನೆ ನೀರು. “ನಾನು ಸರಿಯಾಗಿ ಉಜ್ತೀನಿ, ಇವಳು ಸೋಂಬೇರಿ” ಅಂತ ನೆಂಟರ ಮುಂದೆ ಅಂದವಳು ಅವಳೇ. ಅಕ್ಕ ಒಳ್ಳೆಯವಳು, ಆದರೆ ಹೊಗಳಿಸಿಕೊಳ್ಳುವ ಅವಕಾಶವನ್ನು ಯಾವತ್ತೂ ಬಿಟ್ಟವಳಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಅದು ಕೊಳೆಯಲ್ಲ, ಫ್ಲೋರೈಡ್. ಅಲ್ಲಿಯ ಗ್ರಾನೈಟ್ ಬಂಡೆಯಿಂದ ಆಳದ ನೀರಿಗೆ ಬಿಟ್ಟುಕೊಳ್ಳುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಆ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿರುತ್ತೆ. ರುಚಿಯಿಲ್ಲ, ವಾಸನೆಯಿಲ್ಲ. ಹಲ್ಲು ಇನ್ನೂ ವಸಡಿನ ಒಳಗೆ ಬೆಳೆಯುತ್ತಿರುವಾಗಲೇ ಕಲೆ ಕೂರುತ್ತೆ. ಎಂಟು ವರ್ಷ ದಾಟಿದ ಮೇಲೆ ಆ ನೀರು ಕುಡಿದರೆ ಹಲ್ಲಿಗೆ ಈ ಕಲೆ ಬರಲ್ಲ.

ಎಂಟು ವರ್ಷ. ಅಪ್ಪನಿಗೆ ಹಾಸನದ ಕಡೆಯಿಂದ ವರ್ಗವಾದಾಗ ಅಕ್ಕನಿಗೆ ಒಂಬತ್ತು, ನನಗೆ ಒಂದು!

ಬೆಳ್ಳಗೆ ಮಾಡುವ ದಾರಿಗಳನ್ನೂ ಹೇಳಿದರು. ಕ್ಲೀನಿಂಗ್ ಮಾಡಿಸಿದರೆ ಟೀ, ಕಾಫಿ, ಎಲೆಅಡಿಕೆಯ ಕಲೆ ಹೋಗುತ್ತೆ, ನನ್ನದು ಹೋಗಲ್ಲ. ಪೆರಾಕ್ಸೈಡ್ ಜೆಲ್ ಹಚ್ಚುವ ಬ್ಲೀಚಿಂಗ್ ಹಳದಿ ಹಲ್ಲಿಗೆ ಚೆನ್ನಾಗಿ ಹಿಡಿಯುತ್ತೆ. ನನ್ನಂಥವರಿಗೆ ಕಂದು ಸ್ವಲ್ಪ ತಿಳಿಯಾಗಬಹುದು, ಆದರೆ ನಡುವಿನ ಸುಣ್ಣದಂಥ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣಬಹುದಂತೆ. ಆಸಿಡ್ ಮತ್ತು ಪುಡಿ ಸೇರಿಸಿ ಹಲ್ಲಿನ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವುದು ಇನ್ನೊಂದು. ಕಲೆ ಆಳಕ್ಕೆ ಇಳಿದಿಲ್ಲವಾದರೆ ಅದೇ ಸಾಕು. ಕೊನೆಯದು ವಿನೀರ್: ಅರ್ಧ ಮಿಲಿಮೀಟರ್‌ನಷ್ಟು ತೇಯ್ದು ಮೇಲೆ ಪಿಂಗಾಣಿ ಪದರ ಅಂಟಿಸುವುದು. ಒಂದು ಹಲ್ಲಿಗೆ ಹತ್ತು ಸಾವಿರ ಅಂದರು. ಆರು ಹಲ್ಲಿಗೆ ಲೆಕ್ಕ ಹಾಕಿ ಸುಮ್ಮನಾದೆ. ತೇಯ್ದದ್ದು ಮತ್ತೆ ಬೆಳೆಯಲ್ಲ, ಮುಂದೆ ಬದಲಿಸುತ್ತಲೂ ಇರಬೇಕು. ನಿಂಬೆಹಣ್ಣಿನ ಕಥೆ ಕೇಳಿ ಹಣೆ ಚಚ್ಚಿಕೊಂಡರು. ಹುಳಿಗೆ ಕರಗಿದ್ದು ಕಲೆಯಲ್ಲ, ನನ್ನ ಹಲ್ಲೇ.

ಹೊರಡುವಾಗ ಸಮಾಧಾನಕ್ಕೆ ಅಂದರು, “ಆದ್ರೂ ನಿಮಗೆ ಒಂದೂ ಹುಳುಕಿಲ್ಲ, ಮೇಡಂ.” ಮಗಳು ನನ್ನ ಮುಖ ನೋಡಿದಳು. ಅವಳಿಗೆ ಮೂರಿವೆ.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಇಪ್ಪತ್ತೈದು ವರ್ಷದ ಸೇಡು ತೀರಿಸಿಕೊಳ್ಳುವ ಹುರುಪಿನಲ್ಲೇ ಮಾಡಿದ್ದೆ ಅನ್ನಿ. ಎಲ್ಲ ಕೇಳಿಸಿಕೊಂಡು ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಬೋರಿಂಗ್ ಹಾಕಿಸಿದ್ದು ಅಪ್ಪ ಅಲ್ವೇನೇ?” ಅಂದಳು.

ಹೌದಲ್ಲ. ಬಾವಿ ಬತ್ತಿದ ವರ್ಷ ಅಪ್ಪ ಮೂರು ತಿಂಗಳು ತಾಲ್ಲೂಕು ಆಫೀಸಿಗೆ ಸೈಕಲ್ ತುಳಿದು ನಮ್ಮ ಬೀದಿಗೆ ಕೈಪಂಪು ತರಿಸಿದರು. ಈಗ ಅಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತೆ. ಆದರೂ ಹಳಬರು “ಮೇಷ್ಟ್ರು ತಂದ ನೀರು” ಅಂತ ಆ ಪಂಪನ್ನೇ ನೆನೆಯುತ್ತಾರೆ. ಅಪ್ಪನ ಹೆಸರು ಉಳಿದಿರುವುದು ಪಾಠದಿಂದಲ್ಲ, ಅದರಿಂದಲೇ. ಆ ಬೀದಿಯ ನಮ್ಮ ವಯಸ್ಸಿನವರೆಲ್ಲರ ಹಲ್ಲು ಒಂದೊಂದಾಗಿ ಕಣ್ಣ ಮುಂದೆ ಬಂತು.

“ಅವರಿಗೆ ಹೇಳ್ಬೇಡ ಕಣೆ” ಅಂದಳು ಅಕ್ಕ.

ನಿನ್ನೆ ಅಪ್ಪನೇ ಫೋನ್ ಮಾಡಿದರು. “ಮಗು ಹಲ್ಲು ಏನಾಯ್ತಮ್ಮ?”

“ತುಂಬಿಸಿದ್ರು ಅಪ್ಪ.”

“ಸಿಟಿ ನೀರು, ಇನ್ನೇನಾಗುತ್ತೆ? ನಿನಗೆ ಒಂದಾದ್ರೂ ಹುಳುಕು ಹಲ್ಲು ಇತ್ತಾ? ನಮ್ಮ ಬೋರಿಂಗ್ ನೀರು ಹಂಗಿತ್ತು!”

“ಹೌದಪ್ಪ, ಒಂದೂ ಇಲ್ಲ” ಅಂದೆ.