ಐದು ದೇಶಗಳ ಚಿತ್ರ ನಿರ್ಮಾಣ: ಕೋಷ್ಟಕ ಎಲ್ಲಿಗೆ ಬಂತು

ಭಾರತ, ನೈಜೀರಿಯಾ, ಫ್ರಾನ್ಸ್, ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ವರ್ಷಕ್ಕೆ ಎಷ್ಟು ಕಥಾಚಿತ್ರಗಳು ತಯಾರಾಗುತ್ತವೆ ಎಂಬುದನ್ನು ಒಂದೇ ಕೋಷ್ಟಕದಲ್ಲಿ ಹೊಂದಿಸುವ ಕೆಲಸ ಅರ್ಧದಷ್ಟು ಮುಗಿದಿದೆ. ಅಂಕಿಗಳು ಸುಲಭವಾಗಿ ಸಿಗುತ್ತವೆ. ಅವು ಏನನ್ನು ಎಣಿಸುತ್ತವೆ ಎಂದು ಗೊತ್ತುಮಾಡಿಕೊಳ್ಳುವುದಕ್ಕೇ ಹೊತ್ತು ಹಿಡಿಯುತ್ತದೆ. ಆದ್ದರಿಂದ ಪ್ರತಿ ಸಂಖ್ಯೆಯ ಪಕ್ಕದಲ್ಲಿ ‘ಎಣಿಕೆಯ ಆಧಾರ’ ಎಂಬ ಕಾಲಂ ಸೇರಿಸಿದ್ದೇನೆ.

2006ರ ಸಾಲನ್ನೇ ನೋಡಿ. ಯುನೆಸ್ಕೊ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಆ ವರ್ಷ ಭಾರತದಲ್ಲಿ 1,091, ನೈಜೀರಿಯಾದಲ್ಲಿ 872, ಅಮೆರಿಕದಲ್ಲಿ 485 ಚಿತ್ರಗಳು ತಯಾರಾದವು. ನೈಜೀರಿಯಾ ಹಾಲಿವುಡ್ಡನ್ನು ಹಿಂದಿಕ್ಕಿತೆಂದು ಆಗ ಸುದ್ದಿಯಾಯಿತಾದರೂ, ಆ 872 ಚಿತ್ರಗಳು ವಿಡಿಯೊದಲ್ಲಿ ತಯಾರಾದವು, ಮುಖ್ಯವಾಗಿ ಮನೆಯಲ್ಲಿ ನೋಡುವುದಕ್ಕೆಂದು ಮಾರುಕಟ್ಟೆಗೆ ಬಂದವು. ಫ್ರಾನ್ಸಿನ ಸರ್ಕಾರಿ ಸಿನಿಮಾ ಸಂಸ್ಥೆಯಾದ ಸಿಎನ್‌ಸಿ ತಾನು ಅನುಮೋದಿಸಿದ ಚಿತ್ರಗಳನ್ನು ಎಣಿಸುತ್ತದೆ. ಫ್ರೆಂಚ್ ಬಂಡವಾಳ ಅಲ್ಪ ಪಾಲಿನದಾಗಿರುವ ಸಹನಿರ್ಮಾಣಗಳೂ ಅದರಲ್ಲಿ ಸೇರುತ್ತವೆ. ನಮ್ಮಲ್ಲಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವೇ ಲೆಕ್ಕ, ಮತ್ತು ಒಂದೇ ಚಿತ್ರ ಐದು ಭಾಷೆಗಳಲ್ಲಿ ತೆರೆಕಂಡರೆ ಬಹುಕಾಲ ಪ್ರತಿ ಭಾಷೆಗೂ ಪ್ರತ್ಯೇಕ ಪ್ರಮಾಣಪತ್ರ ಬೇಕಾಗಿತ್ತು. ಡಬ್ಬಿಂಗ್ ಚಿತ್ರಗಳು ಕನ್ನಡಕ್ಕೂ ಬರತೊಡಗಿದ ಮೇಲೆ, ಕನ್ನಡದ ಪ್ರಮಾಣಪತ್ರಗಳನ್ನೆಲ್ಲ ಕನ್ನಡದಲ್ಲೇ ತಯಾರಾದ ಚಿತ್ರಗಳೆಂದು ಓದುವಂತಿಲ್ಲ.

ಈ ಹಂತದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಜಪಾನ್. ಅಲ್ಲಿ ಬಿಡುಗಡೆಯಾದ ಚಿತ್ರಗಳ ಲೆಕ್ಕ ದಶಕಗಳಿಂದ ಒಂದೇ ಕಡೆ ಸಿಗುತ್ತದೆ. ಪ್ರೇಕ್ಷಕರ ಸಂಖ್ಯೆ 1958ರಲ್ಲಿ ಸುಮಾರು 112 ಕೋಟಿ ಮುಟ್ಟಿ ಇಳಿಯತೊಡಗಿದರೂ, ಸ್ವದೇಶಿ ಚಿತ್ರಗಳ ಸಂಖ್ಯೆ ಶಿಖರಕ್ಕೇರಿದ್ದು 1960ರಲ್ಲಿ, 547ಕ್ಕೆ. ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳಿಗೆ ವಾರವಾರವೂ ಎರಡೆರಡು ಹೊಸ ಚಿತ್ರಗಳನ್ನು ಪೂರೈಸುವ ಪೈಪೋಟಿಗೆ ಬಿದ್ದಿದ್ದವು. ಜನ ಟಿವಿಯ ಮುಂದೆ ಕೂತರೂ ಆ ಯಂತ್ರ ಕೂಡಲೇ ನಿಲ್ಲುವಂತಿರಲಿಲ್ಲ. 1965ರ ಹೊತ್ತಿಗೆ ಪ್ರೇಕ್ಷಕರು 37 ಕೋಟಿಗೆ ಇಳಿದರು, ಆದರೆ ನಿರ್ಮಾಣ ಆ ಪ್ರಮಾಣದಲ್ಲಿ ಕುಸಿಯಲಿಲ್ಲ. ಸಣ್ಣ ಬಂಡವಾಳದ ಸ್ವತಂತ್ರ ನಿರ್ಮಾಪಕರು ತೆರವಾದ ಜಾಗಕ್ಕೆ ಬಂದರು. ಹೀಗಿರುವಾಗ ಚಿತ್ರಗಳ ಸಂಖ್ಯೆ ಏರಿದ್ದನ್ನೇ ಉದ್ಯಮದ ಆರೋಗ್ಯವೆಂದು ಕರೆಯುವ ಲೇಖನಗಳನ್ನು ನಾನು ಈಗ ಅನುಮಾನದಿಂದಲೇ ಓದುತ್ತೇನೆ.

ಕೊರಿಯಾದ ಸಾಲಿನಲ್ಲಿ ಸದ್ಯಕ್ಕೆ ಒಂದೇ ಗುರುತು ಹಾಕಿದ್ದೇನೆ: ಚಿತ್ರಮಂದಿರಗಳು ಸ್ವದೇಶಿ ಚಿತ್ರಗಳನ್ನು ಕಡ್ಡಾಯವಾಗಿ ತೋರಿಸಬೇಕಾದ ಅವಧಿ 2006ರ ಜುಲೈನಲ್ಲಿ ವರ್ಷಕ್ಕೆ 146 ದಿನಗಳಿಂದ 73ಕ್ಕೆ ಇಳಿಯಿತು. ಅದರ ಹಿಂದುಮುಂದಿನ ವರ್ಷಗಳ ನಿರ್ಮಾಣ ಮತ್ತು ಪ್ರೇಕ್ಷಕರ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ತುಂಬುವುದು ಮುಂದಿನ ಕೆಲಸ.